ಗಿಳಿಪಾಠ ಎಂಬ ಮಾತು ಗಿಳಿಗೆ ನ್ಯಾಯವೇ?

ಗೂಡಂಗಳ (ಚರ್ಚೆ ಆರಂಭಿಸಿದವರು):
ಅರ್ಥ ತಿಳಿಯದೆ ಬಾಯಿಪಾಠ ಒಪ್ಪಿಸುವುದನ್ನು ನಾವು ಗಿಳಿಪಾಠ ಎಂದು ಹಗುರವಾಗಿ ಕರೆಯುತ್ತೇವೆ. ಎರಡು ತಿಂಗಳಿಂದ ಒಂದು ಆಫ್ರಿಕನ್ ಗ್ರೇ ಗಿಳಿಯೊಂದಿಗೆ ಬದುಕುತ್ತಿರುವ ನನಗೆ ಈ ಮಾತಿನ ಮೇಲೆಯೇ ಅನುಮಾನ ಹುಟ್ಟಿದೆ.

ಇದು ನನ್ನ ದೊಡ್ಡಮ್ಮ ಹತ್ತೊಂಬತ್ತು ವರ್ಷ ಸಾಕಿದ ಹಕ್ಕಿ. ಅವರು ಮಗಳ ಚಿಕ್ಕ ಮನೆಗೆ ಹೋಗಬೇಕಾಗಿ ಬಂದದ್ದರಿಂದ ಪಂಜರ ನಮ್ಮ ಮನೆಗೆ ಬಂತು. ಬಂದ ಎರಡು ದಿನ ಅದು ತುಟಿಪಿಟಕ್ಕೆನ್ನಲಿಲ್ಲ (ಗಿಳಿಗೆ ತುಟಿ ಇಲ್ಲವೆಂಬುದು ಗೊತ್ತು, ಕ್ಷಮಿಸಿ). ಮೂರನೆಯ ಬೆಳಿಗ್ಗೆ ನಾನು ಸ್ನಾನದಲ್ಲಿದ್ದಾಗ ಹೊರಗಿನ ಕೋಣೆಯಲ್ಲಿ ದೊಡ್ಡಮ್ಮನ ಧ್ವನಿ ಸ್ಪಷ್ಟವಾಗಿ ಕೇಳಿಸಿತು. "ಹಲೋ... ಹೂಂ, ಹೇಳು... ಹೌದಾ... ಅಯ್ಯೋ... ಹೂಂ ಹೂಂ... ಸರಿ, ಇಡ್ಲಾ?" ಒದ್ದೆ ಕಾಲಿನಲ್ಲಿಯೇ ಹೊರಗೆ ಬಂದು ನೋಡಿದರೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಗಿಳಿ ಒಂದು ಕಾಲನ್ನು ಹೊಟ್ಟೆಯೊಳಗೆ ಎಳೆದುಕೊಂಡು ನಿಂತಿತ್ತು. ನನ್ನನ್ನು ನೋಡಿದ ಮೇಲೆ, ಫೋನ್ ಇಟ್ಟಾಗ ಬರುವ ಸಣ್ಣ "ಪೀಂ" ಸದ್ದನ್ನೂ ಮಾಡಿ ಮುಗಿಸಿತು.

ನನ್ನನ್ನು ಕಾಡುತ್ತಿರುವುದು ಆ ಮಾತುಗಳಿಗಿಂತ ಹೆಚ್ಚಾಗಿ ಅವುಗಳ ನಡುವಿನ ಮೌನ. ಒಂದು "ಹೂಂ" ಆದ ಮೇಲೆ ಅದು ನಾಲ್ಕೈದು ಸೆಕೆಂಡು ತಲೆ ವಾಲಿಸಿಕೊಂಡು ಸುಮ್ಮನಿರುತ್ತದೆ, ಆ ಕಡೆಯವರು ಮಾತನಾಡುತ್ತಿದ್ದಾರೋ ಎಂಬಂತೆ. ದೊಡ್ಡಮ್ಮನ ಅರ್ಧ ಸಂಭಾಷಣೆಯನ್ನು ಮಾತ್ರ ಕೇಳಿದ ಹಕ್ಕಿ, ಉಳಿದರ್ಧದ ಜಾಗವನ್ನು ಖಾಲಿಯಾಗಿಯೇ ಉಳಿಸಿಕೊಂಡಿದೆ. ಇದಕ್ಕೆ ತಾನು ಮಾತನಾಡುತ್ತಿದ್ದೇನೆ ಎಂಬ ಅರಿವಿದೆಯೇ, ಅಥವಾ ಬಾಗಿಲ ಗಂಟೆಯ ಸದ್ದಿಗೂ ಮನುಷ್ಯನ ಮಾತಿಗೂ ಅದರ ಪಾಲಿಗೆ ವ್ಯತ್ಯಾಸವೇ ಇಲ್ಲವೇ? ತಿಳಿದವರು ಹೇಳಬೇಕು.

ಸಂಶಯಾತ್ಮ:
ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕಥೆಯಲ್ಲಿಯೇ ಇದೆ. ಅದು "ಪೀಂ" ಸದ್ದನ್ನೂ "ಅಯ್ಯೋ" ಎಂಬುದನ್ನೂ ಒಂದೇ ಸಾಲಿನಲ್ಲಿ ಪೋಣಿಸಿದೆ. ಮೌನವೂ ಆ ಧ್ವನಿಮುದ್ರಣದ ಭಾಗವೇ. ಟೇಪು ರೆಕಾರ್ಡರ್ ಕೂಡ ನಡುವಿನ ಖಾಲಿ ಜಾಗವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ, ಆದರೆ ಅದು ಯಾರ ಮಾತನ್ನೋ ಕೇಳಿಸಿಕೊಳ್ಳುತ್ತಿದೆ ಎಂದು ನಾವು ಹೇಳುವುದಿಲ್ಲವಲ್ಲ.

ಬಾಲಂಗೋಚಿ:
ಟೇಪು ರೆಕಾರ್ಡರ್ ಒಂದು ಕಾಲಿನಲ್ಲಿ ನಿಂತದ್ದನ್ನು ನಾನಂತೂ ಕಂಡಿಲ್ಲ.

ರೆಕ್ಕೆಪುಕ್ಕ:
ಸಂಶಯಾತ್ಮ ಅವರೇ, ಅಲೆಕ್ಸ್ ಎಂಬ ಗಿಳಿಯ ವಿಷಯ ತಿಳಿದವರು ಇಷ್ಟು ಸಲೀಸಾಗಿ ಟೇಪು ರೆಕಾರ್ಡರ್ ಎನ್ನುವುದಿಲ್ಲ. ವಿಜ್ಞಾನಿ ಐರಿನ್ ಪೆಪ್ಪರ್‌ಬರ್ಗ್ ಅವರು 1977ರಲ್ಲಿ ಶಿಕಾಗೋದ ಸಾಕುಪ್ರಾಣಿಗಳ ಅಂಗಡಿಯೊಂದರಿಂದ ತಂದ ಆ ಆಫ್ರಿಕನ್ ಗ್ರೇ, ಸುಮಾರು 50 ವಸ್ತುಗಳ ಹೆಸರು, 7 ಬಣ್ಣ ಮತ್ತು 5 ಆಕಾರಗಳನ್ನು ಕಲಿತು, 6ರವರೆಗೆ ಎಣಿಸುತ್ತಿತ್ತು. ತಟ್ಟೆಯ ಮೇಲೆ ಬೇರೆ ಬೇರೆ ಬಣ್ಣದ ಕೀಲಿಕೈಗಳನ್ನೂ ಮರದ ತುಂಡುಗಳನ್ನೂ ಕಲಸಿಟ್ಟು "ಹಸಿರು ತುಂಡುಗಳು ಎಷ್ಟು?" ಎಂದು ಕೇಳಿದರೆ, ಹಸಿರು ಕೀಲಿಕೈಗಳನ್ನು ಬಿಟ್ಟು ತುಂಡುಗಳನ್ನು ಮಾತ್ರ ಎಣಿಸಿ ಹೇಳುತ್ತಿತ್ತು. ಇಂಥ ಪ್ರಶ್ನೆಗಳಿಗೆ ಅದರ ಉತ್ತರ ಹತ್ತರಲ್ಲಿ ಎಂಟು ಸಲ ಸರಿಯಾಗಿರುತ್ತಿತ್ತು.

ನನಗೆ ಬಹಳ ಇಷ್ಟವಾದದ್ದು ಇನ್ನೊಂದು ಪ್ರಸಂಗ. ಎಣಿಕೆಯ ಪರೀಕ್ಷೆ ನಡೆಯುತ್ತಿದ್ದಾಗ ಅಲೆಕ್ಸ್ ಕೇಳಿದ ಪ್ರಶ್ನೆಗೆ ಉತ್ತರಿಸದೆ ಬೇಕೆಂದೇ "ಐದು", "ಐದು" ಎನ್ನುತ್ತಿತ್ತು. ತಟ್ಟೆಯಲ್ಲಿ ಐದು ವಸ್ತುಗಳ ಗುಂಪೇ ಇರಲಿಲ್ಲ. ಬೇಸತ್ತ ಪೆಪ್ಪರ್‌ಬರ್ಗ್ "ಸರಿ, ಐದು ಇರುವುದು ಯಾವ ಬಣ್ಣ?" ಎಂದು ಕೇಳಿದಾಗ ಅದು "ಯಾವುದೂ ಇಲ್ಲ" ಎಂದಿತು. ಎರಡು ವಸ್ತುಗಳ ನಡುವೆ ವ್ಯತ್ಯಾಸವಿಲ್ಲದಿದ್ದಾಗ ಹೇಳಲು ಕಲಿಸಿದ್ದ ಪದವನ್ನು ಅದು, ಯಾರೂ ಹೇಳಿಕೊಡದೆ, "ಇಲ್ಲದ ಸಂಖ್ಯೆ"ಗೆ ಬಳಸಿತ್ತು. ಬಾಯಿಪಾಠ ಒಪ್ಪಿಸುವವರಿಗೆ ಇದು ಸಾಧ್ಯವೇ?

ಸಂಶಯಾತ್ಮ:
ಅಲೆಕ್ಸ್‌ನ ಹೆಸರು ಬಂದೇ ಬರುತ್ತದೆ ಎಂದು ಕಾಯುತ್ತಿದ್ದೆ. ಕಳೆದ ಶತಮಾನದ ಆರಂಭದಲ್ಲಿ ಬರ್ಲಿನ್‌ನ ಒಂದು ಕುದುರೆ ಗಣಿತ ಬಿಡಿಸುತ್ತದೆ ಎಂದು ಊರೆಲ್ಲ ನಂಬಿತ್ತು. ಜಾಣ ಹಾನ್ಸ್ ಎಂದೇ ಅದರ ಹೆಸರು. ಕೊನೆಗೆ ಆಸ್ಕರ್ ಫುಂಗ್ಸ್ಟ್ ಎಂಬ ಮನೋವಿಜ್ಞಾನಿ ಪರೀಕ್ಷಿಸಿದಾಗ, ಕುದುರೆ ಗೊರಸು ಬಡಿಯುತ್ತ ಪ್ರಶ್ನೆ ಕೇಳಿದವರ ಮುಖವನ್ನೂ ತಲೆಯನ್ನೂ ನೋಡುತ್ತಿತ್ತು, ಸರಿಯುತ್ತರ ಬಂದಾಗ ಅವರು ತಮಗರಿವಿಲ್ಲದೆ ಸಡಿಲಗೊಳ್ಳುವುದನ್ನು ಗುರುತಿಸಿ ಬಡಿಯುವುದನ್ನು ನಿಲ್ಲಿಸುತ್ತಿತ್ತು ಎಂಬುದು ಬಯಲಾಯಿತು. ಮೂವತ್ತು ವರ್ಷ ಒಬ್ಬರ ಕೈಕೆಳಗೆ ಬೆಳೆದ ಗಿಳಿಯ ವಿಷಯದಲ್ಲಿ ಈ ಎಚ್ಚರಿಕೆ ಬೇಡವೇ?

ರೆಕ್ಕೆಪುಕ್ಕ:
ಎಚ್ಚರಿಕೆ ಬೇಕು, ಮತ್ತು ಅವರು ಅದನ್ನು ವಹಿಸಿದ್ದರು. ಕಲಿಸಿದವರೇ ಪರೀಕ್ಷಿಸದಂತೆ ನೋಡಿಕೊಳ್ಳುತ್ತಿದ್ದರು, ಒಂದೇ ಬಗೆಯ ಪ್ರಶ್ನೆಗಳನ್ನು ಸಾಲಾಗಿ ಕೇಳುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಗೊರಸು ಬಡಿಯುವವನಿಗೆ ನಿಲ್ಲಿಸಬೇಕಾದ ಕ್ಷಣದ ಸುಳಿವು ಸಿಕ್ಕರೆ ಸಾಕು. "ಹಳದಿ" ಎಂದು ಬಾಯಿಬಿಟ್ಟು ಹೇಳಬೇಕಾದವನಿಗೆ ಎದುರಿನವರ ಹುಬ್ಬು ಎಷ್ಟರಮಟ್ಟಿಗೆ ನೆರವಾದೀತು?

ಕಲಿಸಿದ ಬಗೆಯನ್ನೂ ಗಮನಿಸಬೇಕು. ಗಿಳಿಯ ಮುಂದೆ ಇಬ್ಬರು ಕುಳಿತು, ಒಬ್ಬರು ವಸ್ತುವನ್ನು ತೋರಿಸಿ "ಇದೇನು?" ಎಂದು ಕೇಳುತ್ತಿದ್ದರು, ಇನ್ನೊಬ್ಬರು ಸರಿಯಾಗಿ ಹೇಳಿದರೆ ಆ ವಸ್ತುವೇ ಅವರ ಕೈಸೇರುತ್ತಿತ್ತು, ತಪ್ಪಿದರೆ ಗದರಿಕೆ. ಆಮೇಲೆ ಇಬ್ಬರೂ ಪಾತ್ರ ಬದಲಿಸಿಕೊಳ್ಳುತ್ತಿದ್ದರು. ಗಿಳಿ ಹೊಟ್ಟೆಕಿಚ್ಚಿನಿಂದ ನಡುವೆ ಬಾಯಿ ಹಾಕಿ ಕಲಿಯಿತು. "ಕಾಗದ" ಎಂದರೆ ಕಾಗದವೇ ಸಿಗುತ್ತಿತ್ತು, ಕಾಳು ಸಿಗುತ್ತಿರಲಿಲ್ಲ. ಪದಕ್ಕೂ ವಸ್ತುವಿಗೂ ಗಂಟು ಬಿದ್ದದ್ದು ಹೀಗೆ.

ಹಳೇ ಓದುಗ:
ಗಿಳಿಪಾಠ ಎಂಬ ಪದ ಹುಟ್ಟಿದ್ದು ಪಂಜರದ ಗಿಳಿಗೆ ನಾವು ಪಾಠ ಹೇಳಿದ ರೀತಿಯಿಂದ. ಒಂದೇ ಮಾತನ್ನು ನೂರು ಸಲ ಅದರ ಮುಖದೆದುರು ಹೇಳುತ್ತೇವೆ, ಆ ಮಾತಿಗೆ ಸಂಬಂಧಿಸಿದ್ದು ಯಾವುದೂ ಅಲ್ಲಿ ನಡೆಯುವುದಿಲ್ಲ. ಕಲಿಸಿದವರು ಅರ್ಥವನ್ನೇ ಕೊಡದೆ, ಕಲಿತವನು ಅರ್ಥ ಹಿಡಿಯಲಿಲ್ಲ ಎಂದು ದೂರಿದಂತಾಯಿತು.

ಧ್ವನಿತಂತು:
ಅರ್ಥದ ಜಗಳ ನಡೆಯುತ್ತಿರಲಿ. ನಾನು ಧ್ವನಿಶಾಸ್ತ್ರ ಓದಿದವಳಾದ್ದರಿಂದ ನನ್ನ ಬೆರಗು ಬೇರೆ ಕಡೆಗಿದೆ. ವರ್ಣಮಾಲೆಯಲ್ಲಿ ಪ, ಫ, ಬ, ಭ, ಮ ಅಕ್ಷರಗಳನ್ನು ಓಷ್ಠ್ಯ ಎಂದು ಕರೆದದ್ದು ಎರಡು ತುಟಿಗಳು ಕೂಡಿದರೆ ಮಾತ್ರ ಅವು ಹುಟ್ಟುತ್ತವೆ ಎಂಬ ಕಾರಣಕ್ಕೆ. ತುಟಿಯೇ ಇಲ್ಲದ, ಕೊಂಬಿನಂಥ ಗಟ್ಟಿ ಕೊಕ್ಕಿನ ಹಕ್ಕಿ "ಬಾ" ಎಂದು ಹೇಗೆ ಹೇಳುತ್ತದೆ?

ನಮ್ಮ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದೆ. ಹಕ್ಕಿಗಳ ಧ್ವನಿ ಹುಟ್ಟುವುದು ಶ್ವಾಸನಾಳ ಎರಡಾಗಿ ಕವಲೊಡೆಯುವ ಕೆಳಭಾಗದಲ್ಲಿ, ಎದೆಯೊಳಗೆ. ಆ ಅಂಗಕ್ಕೆ ಸಿರಿಂಕ್ಸ್ ಎನ್ನುತ್ತಾರೆ. ಗಿಳಿಗಳು ಅಲ್ಲಿ ಹುಟ್ಟಿದ ನಾದವನ್ನು ದಪ್ಪನೆಯ ನಾಲಿಗೆಯಿಂದ ತಿದ್ದುತ್ತವೆ. 2004ರಲ್ಲಿ ಮಾಂಕ್ ಪ್ಯಾರಕೀಟ್ ಗಿಳಿಗಳನ್ನು ಪರೀಕ್ಷಿಸಿದಾಗ, ನಾಲಿಗೆಯ ಸ್ಥಾನ ಕೂದಲೆಳೆಯಷ್ಟು ಬದಲಾದರೂ ಹೊರಬರುವ ಧ್ವನಿಯ ಬಣ್ಣ ಬಹಳವಾಗಿ ಬದಲಾಗುವುದು ಕಂಡುಬಂತು. ಮನುಷ್ಯರು ಅ, ಇ, ಉ ಸ್ವರಗಳನ್ನು ಬೇರ್ಪಡಿಸುವುದೂ ನಾಲಿಗೆಯನ್ನು ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಿಯೇ. ಸ್ವರಗಳ ಮಟ್ಟಿಗೆ ಗಿಳಿ ನಮ್ಮ ದಾರಿಯನ್ನೇ ಹಿಡಿದಿದೆ. ಓಷ್ಠ್ಯಗಳು ಮಾತ್ರ ಅದಕ್ಕೆ ಕಷ್ಟದ ತುತ್ತು. ನಾವು ತುಟಿ ಮುಚ್ಚಿ ಗಾಳಿಯನ್ನು ತಡೆದು ಬಿಡುವ ಕೆಲಸವನ್ನು ಅದು ಗಂಟಲಿನೊಳಗೆ ಎಲ್ಲೋ ನಡೆಸಿ, ನಮ್ಮ ಕಿವಿಗೆ "ಪ" ಎಂದೇ ಕೇಳುವ ಸದ್ದನ್ನು ಹೊರಡಿಸುತ್ತದೆ. ನಮ್ಮ ವ್ಯಾಕರಣದ "ಸ್ಥಾನ" ಎಂಬ ಕಲ್ಪನೆಯನ್ನೇ ಅದು ತಲೆಕೆಳಗು ಮಾಡಿದೆ.

ಬಾಲಂಗೋಚಿ:
ಕಾಗೆಯ ಅಥವಾ ಮೈನಾದ ನಾಲಿಗೆಯನ್ನು ಸ್ವಲ್ಪ ಸೀಳಿದರೆ ಮಾತು ಬರುತ್ತದೆ ಎಂದು ಹಿರಿಯರೊಬ್ಬರು ಹೇಳುತ್ತಿದ್ದರು. ನಾಲಿಗೆಯೇ ಮುಖ್ಯ ಎಂದಾದರೆ ಆ ಮಾತಿನಲ್ಲಿ ಹುರುಳಿರಬಹುದೇ?

ಬಿಳಿಕೋಟು:
ಖಂಡಿತ ಇಲ್ಲ, ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ. ನಾನು ಪಶುವೈದ್ಯೆ. ಈ ಮೂಢನಂಬಿಕೆ ಬಹಳ ದೇಶಗಳಲ್ಲಿದೆ. ಧ್ವನಿ ಹುಟ್ಟುವುದು ಎದೆಯೊಳಗೆ ಎಂದು ಧ್ವನಿತಂತು ಅವರು ಈಗಷ್ಟೇ ವಿವರಿಸಿದ್ದಾರೆ. ನಾಲಿಗೆ ಸೀಳಿದ ಹಕ್ಕಿಗೆ ಮಾತು ಬರುವುದಿಲ್ಲ, ರಕ್ತಸ್ರಾವವಾಗುತ್ತದೆ, ತಿನ್ನಲಾಗದೆ ನರಳುತ್ತದೆ. ಕಾಗೆ, ಮೈನಾ, ಸ್ಟಾರ್ಲಿಂಗ್ ಹಕ್ಕಿಗಳು ಇಡೀ ನಾಲಿಗೆಯಿಟ್ಟುಕೊಂಡೇ ಮಾತನಾಡುತ್ತವೆ.

ಬಾಲಂಗೋಚಿ:
ಒಪ್ಪಿದೆ. ಕೇಳಿದ್ದಕ್ಕೇ ನಾಚಿಕೆಯಾಗುತ್ತಿದೆ.

ಕಡಲಂಚು:
ಹಕ್ಕಿಗಳ ಬಗ್ಗೆಯೇ ಮಾತನಾಡುತ್ತಿದ್ದೀರಿ. ಹೂವರ್ ಎಂಬ ಸೀಲ್ (ಕಡಲ ಸಸ್ತನಿ) ಇಲ್ಲದೆ ಈ ಚರ್ಚೆ ಪೂರ್ಣವಾಗುವುದಿಲ್ಲ. 1971ರಲ್ಲಿ ಅಮೆರಿಕದ ಮೇನ್ ಕರಾವಳಿಯಲ್ಲಿ ತಬ್ಬಲಿ ಮರಿಯಾಗಿ ಸಿಕ್ಕ ಇದನ್ನು ಒಂದು ದಂಪತಿ ಮನೆಗೊಯ್ದು ಮೊದಲು ಸ್ನಾನದ ತೊಟ್ಟಿಯಲ್ಲಿ, ಆಮೇಲೆ ಕೊಳದಲ್ಲಿ ಸಾಕಿದರು. ಹೂವರ್ ಕಂಪನಿಯ ನಿರ್ವಾತ ಕಸಗುಡಿಕೆಯಂತೆ (ವ್ಯಾಕ್ಯೂಮ್ ಕ್ಲೀನರ್) ಮೀನುಗಳನ್ನು ಎಳೆದು ನುಂಗುತ್ತಿದ್ದರಿಂದ ಆ ಹೆಸರು. ಬೆಳೆದ ಮೇಲೆ ಬೋಸ್ಟನ್ನಿನ ಅಕ್ವೇರಿಯಂ ಸೇರಿತು. ಅಲ್ಲಿ ಕೆಲವು ವರ್ಷ ಕಳೆದ ಮೇಲೆ, ನೋಡಲು ಬಂದವರಿಗೆ "ಹಲೋ ದೇರ್", "ಗೆಟ್ ಔಟಾ ಹಿಯರ್" ಎಂದು ಒರಟು ಗಂಡಸಿನ ದನಿಯಲ್ಲಿ, ತನ್ನನ್ನು ಸಾಕಿದ ಕರಾವಳಿಯವರ ಉಚ್ಚಾರಣೆಯಲ್ಲಿಯೇ ಹೇಳತೊಡಗಿತು. 1985ರಲ್ಲಿ ಅದು ಸತ್ತಿತು.

ಇದು ಒಂಟಿ ಪವಾಡವೆಂದು ಬಹಳ ಕಾಲ ಭಾವಿಸಲಾಗಿತ್ತು. 2019ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದವರು ಮೂರು ಎಳೆಯ ಗ್ರೇ ಸೀಲ್‌ಗಳಿಗೆ ಮನುಷ್ಯರ ಸ್ವರಗಳನ್ನೂ ಶಿಶುಗೀತೆಯ ರಾಗವನ್ನೂ ಕಲಿಸಿ ತೋರಿಸಿದರು. ಸೀಲ್‌ಗಳು ನಮ್ಮಂತೆಯೇ ಧ್ವನಿಪೆಟ್ಟಿಗೆ ಮತ್ತು ಬಾಯಿಯ ಪೊಳ್ಳನ್ನು ಬಳಸುತ್ತವೆ. ಯಂತ್ರದ ರಚನೆಯಲ್ಲಿ ಗಿಳಿಗಿಂತ ಅವೇ ನಮಗೆ ಹತ್ತಿರದ ನೆಂಟರು.

ನಿದ್ದೆಗೇಡಿ:
ಆನೆ ಮಾತನಾಡುತ್ತದೆ ಎಂದು ಒಂದು ವಿಡಿಯೋ ನೋಡಿದ್ದೆ. ಸೊಂಡಿಲನ್ನು ಬಾಯಿಗೆ ತುರುಕಿಕೊಂಡಿತ್ತು. ಮೋಸದ ವಿಡಿಯೋ ಎಂದು ಮುಂದೆ ಸರಿಸಿಬಿಟ್ಟೆ.

ಧ್ವನಿತಂತು:
ಸರಿಸಬಾರದಿತ್ತು. ದಕ್ಷಿಣ ಕೊರಿಯಾದ ಎವರ್‌ಲ್ಯಾಂಡ್ ಮೃಗಾಲಯದ ಕೊಷಿಕ್ ಎಂಬ ಏಷ್ಯಾದ ಗಂಡಾನೆ ಅದು. ಸೊಂಡಿಲ ತುದಿಯನ್ನು ಬಾಯೊಳಗಿಟ್ಟು ಬಾಯಿಯ ಪೊಳ್ಳಿನ ಆಕಾರವನ್ನೇ ಬದಲಿಸಿ, ಕೊರಿಯನ್ ಭಾಷೆಯ ಐದು ಪದಗಳನ್ನು ಹೇಳುತ್ತಿತ್ತು: ನಮಸ್ಕಾರ, ಕೂತುಕೋ, ಬೇಡ, ಮಲಗು, ಒಳ್ಳೆಯದು. ಆನೆಯ ಸಹಜ ಗುಡುಗಿನ ಸದ್ದು ಮನುಷ್ಯನ ಧ್ವನಿಗಿಂತ ಎಷ್ಟೋ ಕೆಳಗಿನ ಸ್ಥಾಯಿಯದು. ಇದು ತನ್ನ ಮಾವುತರ ಸ್ಥಾಯಿಗೆ ಏರಿಸಿಕೊಂಡು ಹೇಳುತ್ತಿತ್ತು. ಆಂಜೆಲಾ ಸ್ಟೋಗರ್ ಮತ್ತು ಸಂಗಡಿಗರು 2012ರಲ್ಲಿ ಇದರ ಅಧ್ಯಯನವನ್ನು ಪ್ರಕಟಿಸಿದರು.

ಸಂಶಯಾತ್ಮ ಅವರಿಗೂ ಇದು ಹಿಡಿಸಬಹುದು. ಅವರು ಕೊರಿಯನ್ ಮಾತೃಭಾಷೆಯ 16 ಮಂದಿಗೆ, ಇದೇನು ಎಂದು ಹೇಳದೆ, ಧ್ವನಿಮುದ್ರಣ ಕೇಳಿಸಿ, ಕೇಳಿದ್ದನ್ನು ಬರೆಯಿರಿ ಎಂದರು. ಸ್ವರಗಳು ಶೇ. 67ರಷ್ಟು ಹೊಂದಿಕೆಯಾದವು, ವ್ಯಂಜನಗಳು ಶೇ. 21 ಮಾತ್ರ. ಒಳ್ಳೆಯದು ಎಂಬರ್ಥದ "ಚೋವಾ" ಕೆಲವರಿಗೆ "ಬೋವಾ" ಎಂದು ಕೇಳಿಸಿತು. ಸ್ವರ ಒಲಿದರೂ ವ್ಯಂಜನ ಅದಕ್ಕೆ ಕೈಕೊಟ್ಟಿತು.

ಸಂಶಯಾತ್ಮ:
ಇದು ನನಗೆ ಬೇಕಾದ ರೀತಿಯ ಪುರಾವೆ, ಧನ್ಯವಾದ. ಈಗ ಇದನ್ನು ನಾಯಿ ಬೆಕ್ಕುಗಳ ವಿಡಿಯೋಗಳೊಂದಿಗೆ ಹೋಲಿಸಿ ನೋಡಿ. ಅಲ್ಲಿ ಕೆಳಗೆ ಅಕ್ಷರಗಳಲ್ಲಿ "ಅಮ್ಮ, ಬೇಡ" ಎಂದು ಬರೆದಿರುತ್ತಾರೆ, ಓದಿದ ಮೇಲೆ ನಮಗೆ ಹಾಗೆಯೇ ಕೇಳಿಸುತ್ತದೆ. ಕಣ್ಣು ಮುಚ್ಚಿಕೊಂಡು ಕೇಳಿದರೆ ಅದು ಬೆಕ್ಕಿನ ಮ್ಯಾವ್ ಅಷ್ಟೇ. ನಾನು ಹೇಳಿದ ಅದೇ ಫುಂಗ್ಸ್ಟ್, ಕುದುರೆಯ ನಂತರ ಡಾನ್ ಎಂಬ ಮಾತನಾಡುವ ಜರ್ಮನ್ ನಾಯಿಯನ್ನೂ ಪರೀಕ್ಷಿಸಿ, ಪದವನ್ನು ಪೂರ್ತಿ ಮಾಡುತ್ತಿದ್ದುದು ಕೇಳುವವರ ಕಿವಿಯೇ ಎಂಬ ತೀರ್ಮಾನಕ್ಕೆ ಬಂದಿದ್ದರು.

ನಿದ್ದೆಗೇಡಿ:
ನಮ್ಮ ನಾಯಿ "ಊಟ" ಎನ್ನುತ್ತದೆ ಎಂದು ನಾಲ್ಕು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಮ್ಮ ಮಾತು ಓದಿ, ವಿಷಯ ತಿಳಿಯದ ಗೆಳೆಯನಿಗೆ ಅದರ ಧ್ವನಿಯನ್ನು ಮಾತ್ರ ಕಳಿಸಿದೆ. "ಯಾರಿಗೆ ಹೊಟ್ಟೆನೋವು?" ಎಂದು ಉತ್ತರ ಬಂದಿದೆ.

ಮೌನಿ:
ಒಂದು ಸಂದೇಹವಿದೆ. ನಮಗೆ ಎಲ್ಲರಿಗಿಂತ ಹತ್ತಿರದವು ಚಿಂಪಾಂಜಿಗಳು. ಅವುಗಳಿಗೆ ತುಟಿ, ನಾಲಿಗೆ, ಹಲ್ಲು, ಧ್ವನಿಪೆಟ್ಟಿಗೆ ಎಲ್ಲವೂ ಇವೆ. ಅವೇಕೆ ಮಾತನಾಡುವುದಿಲ್ಲ?

ರೆಕ್ಕೆಪುಕ್ಕ:
ಮಾತನಾಡಿಸಲು ಪ್ರಯತ್ನಿಸಿದವರಿದ್ದಾರೆ. 1940ರ ದಶಕದ ಕೊನೆಯಲ್ಲಿ ಕೀತ್ ಮತ್ತು ಕ್ಯಾಥರೀನ್ ಹೇಯ್ಸ್ ಎಂಬ ಮನೋವಿಜ್ಞಾನಿ ದಂಪತಿ ವಿಕಿ ಎಂಬ ಚಿಂಪಾಂಜಿ ಮರಿಯನ್ನು ಮಗುವಿನಂತೆಯೇ ಮನೆಯಲ್ಲಿ ಬೆಳೆಸಿದರು. ತುಟಿಗಳನ್ನು ಬೆರಳಿನಿಂದ ಹಿಡಿದು ಕೂಡಿಸಿ "ಮಾಮಾ" ಎಂದು ಹೇಳಿಸಬೇಕಾಯಿತು. ವರ್ಷಗಳ ಶ್ರಮದ ನಂತರ ಅದರ ಬಾಯಿಂದ ಬಂದವು ನಾಲ್ಕೇ ಪದಗಳು: ಮಾಮಾ, ಪಾಪಾ, ಕಪ್, ಅಪ್. ಅವೂ ಧ್ವನಿಯಿಲ್ಲದ ಪಿಸುಮಾತಿನಂತಿದ್ದವು.

ಧ್ವನಿತಂತು:
ಆ ನಾಲ್ಕರಲ್ಲಿಯೂ ಓಷ್ಠ್ಯಗಳಿರುವುದನ್ನು ಗಮನಿಸಿ! ತುಟಿಯಿದ್ದವಳಿಗೆ ತುಟಿಯಲ್ಲಿ ಹುಟ್ಟುವ ಅಕ್ಷರಗಳಾಚೆ ಹೆಚ್ಚೇನೂ ದಾಟಲಾಗಲಿಲ್ಲ, ತುಟಿಯಿಲ್ಲದ ಗಿಳಿ ಇಡೀ ವರ್ಣಮಾಲೆಯನ್ನು ಗಂಟಲಲ್ಲಿ ಹೊಂದಿಸಿಕೊಂಡಿತು.

ಬಹಳ ವರ್ಷ ಇದಕ್ಕೆ ಧ್ವನಿಪೆಟ್ಟಿಗೆಯ ಸ್ಥಾನವೇ ಕಾರಣ ಎಂದು ಪುಸ್ತಕಗಳು ಹೇಳುತ್ತಿದ್ದವು. 2016ರಲ್ಲಿ ಟೆಕುಮ್ಸೆ ಫಿಚ್ ಮತ್ತು ಸಂಗಡಿಗರು, ಮಕಾಕ್ ಕೋತಿಯೊಂದು ತಿನ್ನುವಾಗಲೂ ಕೂಗುವಾಗಲೂ ಎಕ್ಸ್-ರೇ ಚಲನಚಿತ್ರ ತೆಗೆದು, ಅದರ ಬಾಯಿ ಗಂಟಲುಗಳು ತಾಳಬಲ್ಲ ಆಕಾರಗಳಿಂದ ಎಂಥ ಸದ್ದುಗಳು ಬರಬಹುದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಅರ್ಥವಾಗುವ ಮಾತಿಗೆ ಅದು ಸಾಕಾಗಿತ್ತು. ಹಾಗಾದರೆ ಕೊರತೆಯಿರುವುದು ಮಿದುಳಿನಲ್ಲಿ. ನಮ್ಮಲ್ಲಿ ಮಿದುಳಿನ ಹೊರಪದರದಿಂದ ಧ್ವನಿಪೆಟ್ಟಿಗೆಯ ಸ್ನಾಯುಗಳನ್ನು ಆಳುವ ನರಕೋಶಗಳಿಗೆ ನೇರ ಸಂಪರ್ಕವಿದೆ. ಕೋತಿಗಳಲ್ಲಿ ಅಂಥ ನೇರ ದಾರಿ ಇಲ್ಲ ಅಥವಾ ಬಹಳ ಕ್ಷೀಣವಾಗಿದೆ. ಗಿಳಿಗಳಲ್ಲಿಯೂ ಹಾಡುಹಕ್ಕಿಗಳಲ್ಲಿಯೂ ಇದಕ್ಕೆ ಸಮಾನವಾದ ದಾರಿ ಸ್ವತಂತ್ರವಾಗಿ ಬೆಳೆದುಬಂದಿದೆ. ಗಿಳಿಗಳಲ್ಲಂತೂ ಒಂದು ತಿರುಳು, ಅದರ ಸುತ್ತ ಒಂದು ಚಿಪ್ಪು, ಹೀಗೆ ಎರಡು ಪದರಗಳ ಧ್ವನಿಕಲಿಕೆಯ ವ್ಯವಸ್ಥೆಯಿರುವುದನ್ನು 2015ರಲ್ಲಿ ಗುರುತಿಸಿದ್ದಾರೆ.

ಮೌನಿ:
ಹಾಗಾದರೆ ಹೇಗೆ ಎಂಬುದು ಒಂದು ಮಟ್ಟಿಗೆ ತಿಳಿಯಿತು. ಏಕೆ ಎಂಬುದನ್ನು ಯಾರೂ ಹೇಳಲಿಲ್ಲ. ಕಾಡಿನಲ್ಲಿ ಗಿಳಿಗೆ ಮನುಷ್ಯನ ಮಾತಿನಿಂದ ಏನು ಪ್ರಯೋಜನ?

ಬಿಳಿಕೋಟು:
ನನ್ನ ಅನುಭವದಲ್ಲಿ ಇದೊಂದೇ ಮುಖ್ಯವಾದ ಪ್ರಶ್ನೆ. ಗಿಳಿ ಗುಂಪಿನ ಜೀವಿ, ಮತ್ತು ಗುಂಪಿನಲ್ಲಿ ಪ್ರತಿಯೊಂದಕ್ಕೂ ತನ್ನದೇ ಕೂಗಿದೆ. ವೆನಿಜುವೆಲಾದಲ್ಲಿ ಗ್ರೀನ್-ರಂಪ್ಡ್ ಪ್ಯಾರಟ್‌ಲೆಟ್ ಎಂಬ ಪುಟ್ಟ ಗಿಳಿಗಳ ಗೂಡುಗಳಲ್ಲಿ ಕ್ಯಾಮೆರಾ ಇಟ್ಟವರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರು ಮೊಟ್ಟೆಗಳನ್ನು ಗೂಡಿನಿಂದ ಗೂಡಿಗೆ ಬದಲಿಸಿ ನೋಡಿದರು. ಮರಿಗಳ ಕೂಗು ಹೆತ್ತವರ ಕೂಗನ್ನು ಹೋಲದೆ, ಸಾಕಿದವರ ಕೂಗನ್ನೇ ಹೋಲುತ್ತಿತ್ತು. ನಾವು ಮಗುವಿಗೆ ಹೆಸರಿಡುವ ಹಾಗೆ, ಸಾಕಿದವರು ಕೊಟ್ಟ ಕೂಗನ್ನು ಮರಿ ತಿದ್ದಿಕೊಂಡು ತನ್ನದಾಗಿಸಿಕೊಳ್ಳುತ್ತದೆ ಎಂದಾಯಿತು.

ಇಂಥ ಹಕ್ಕಿಯನ್ನು ಒಂಟಿಯಾಗಿ ಪಂಜರದಲ್ಲಿಟ್ಟರೆ ಅದರ ಪಾಲಿಗೆ ಇರುವ ಗುಂಪು ನಾವೇ. ನಮ್ಮ ಕೂಗನ್ನು ಕಲಿತು ಗುಂಪಿಗೆ ಸೇರಿಕೊಳ್ಳುತ್ತದೆ. ಕಡಲಂಚು ಅವರ ಹೂವರ್ ಒಂಟಿ ತಬ್ಬಲಿ. ಕೊಷಿಕ್ ಎಳೆಯದಾಗಿದ್ದಾಗ ಸುಮಾರು 5 ವರ್ಷ ಆ ಮೃಗಾಲಯದಲ್ಲಿ ಬೇರೊಂದು ಆನೆ ಇರಲಿಲ್ಲ, ಅಧ್ಯಯನ ಮಾಡಿದವರೂ ಇದನ್ನೇ ಕಾರಣವಾಗಿ ಮುಂದಿಟ್ಟಿದ್ದಾರೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿಯ ಅಭಯಧಾಮದಲ್ಲಿ ಮನುಷ್ಯರ ಕೈಯಲ್ಲಿ ಬೆಳೆದ ರಿಪ್ಪರ್ ಎಂಬ ಮಸ್ಕ್ ಬಾತು "ಯೂ ಬ್ಲಡಿ ಫೂಲ್" ಎನ್ನುತ್ತಿದ್ದುದನ್ನು ಪೀಟರ್ ಫುಲ್ಲಗರ್ 1987ರಲ್ಲಿ ಧ್ವನಿಮುದ್ರಿಸಿಕೊಂಡರು. ಬಾಗಿಲು ಬಡಿಯುವ ಸದ್ದನ್ನೂ ಅದು ಮಾಡುತ್ತಿತ್ತು. ಮರಿಯಾಗಿದ್ದಾಗ ಸುತ್ತ ಇದ್ದವರು ಯಾರು, ಅವರು ಏನನ್ನುತ್ತಿದ್ದರು ಎಂಬುದು ಇದರಿಂದಲೇ ತಿಳಿಯುತ್ತದೆ.

ಬಾಲಂಗೋಚಿ:
ಆ ಬಾತು ಬೈಯುತ್ತಿದ್ದದ್ದು ಯಾರಿಗೆ?

ಬಿಳಿಕೋಟು:
ಹತ್ತಿರ ಹೋದವರಿಗೆ. ಗಂಡು ಬಾತುಗಳು ಎದುರಾಳಿಯನ್ನು ಬೆದರಿಸುತ್ತ, ಹೆಣ್ಣನ್ನು ಸೆಳೆಯುತ್ತ ಮಾಡುವ ಪ್ರದರ್ಶನದ ನಡುವೆ ಈ ಮಾತು ಬರುತ್ತಿತ್ತು. ಸಂದರ್ಭಕ್ಕೆ ಹೊಂದುತ್ತಿತ್ತು ಎಂದೇ ಹೇಳಬೇಕು.

ಹಳೇ ಓದುಗ:
ಒಂಟಿತನದ ವಾದ ಮನಸ್ಸಿಗೆ ಹತ್ತಿರವಾಗಿದೆ. ಹಾಗೆಂದೇ ಅದನ್ನು ಸ್ವಲ್ಪ ತಡೆದು ನೋಡಬೇಕು. ಆಸ್ಟ್ರೇಲಿಯಾದ ಲೈರ್ ಹಕ್ಕಿಯನ್ನು ತೆಗೆದುಕೊಳ್ಳಿ. ಕಾಡಿನಲ್ಲಿ, ತನ್ನವರ ನಡುವೆಯೇ ಇದ್ದುಕೊಂಡು ಹತ್ತಾರು ಬೇರೆ ಹಕ್ಕಿಗಳ ಕೂಗನ್ನು ನಕಲು ಮಾಡುತ್ತದೆ. ಕಾಡಿನ ಆಫ್ರಿಕನ್ ಗ್ರೇ ಗಿಳಿಗಳೂ ಹಾಗೆಯೇ. 1993ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ, ಇಂದಿನ ಕಾಂಗೋದಲ್ಲಿ ಧ್ವನಿಮುದ್ರಿಸಿದ ಎರಡು ಗಿಳಿಗಳ ಕೂಗುಗಳ ನಡುವೆ ಒಂಬತ್ತು ಬೇರೆ ಹಕ್ಕಿಗಳ ಮತ್ತು ಒಂದು ಬಾವಲಿಯ ಸದ್ದು ಗುರುತಿಸಲ್ಪಟ್ಟಿತ್ತು. ಅವುಗಳಿಗೆ ಒಂಟಿತನವೆಲ್ಲಿತ್ತು?

ಬಿಳಿಕೋಟು:
ಒಪ್ಪುತ್ತೇನೆ, ಎಲ್ಲ ಅನುಕರಣೆಗೂ ಒಂದೇ ಕಾರಣವೆಂದರೆ ತಪ್ಪಾಗುತ್ತದೆ. ಆದರೆ ಬೆಟ್ಟದ ಮೈನಾವನ್ನೂ ಪಕ್ಕದಲ್ಲಿಟ್ಟು ನೋಡಿ. ಪಂಜರದಲ್ಲಿ ಮನುಷ್ಯನ ಮಾತನ್ನು ಗಿಳಿಗಿಂತಲೂ ಸ್ಪಷ್ಟವಾಗಿ ಹೇಳುವ ಈ ಹಕ್ಕಿ, ಕಾಡಿನಲ್ಲಿ ಬೇರೆ ಯಾವ ಜಾತಿಯ ಕೂಗನ್ನೂ ಅನುಕರಿಸುವುದಿಲ್ಲ. ಅಕ್ಕಪಕ್ಕದ ಮೈನಾಗಳಿಂದ, ಅದರಲ್ಲೂ ಗಂಡು ಗಂಡಿನಿಂದ, ಹೆಣ್ಣು ಹೆಣ್ಣಿನಿಂದ ಮಾತ್ರ ಕೂಗು ಕಲಿಯುತ್ತದೆ ಎಂದು ಬ್ರಯನ್ ಬರ್ಟ್ರಮ್ 1970ರಲ್ಲಿಯೇ ತೋರಿಸಿದ್ದಾರೆ. ಮೈನಾದ ಮಟ್ಟಿಗೆ, ಅದು ನಮ್ಮ ಮಾತು ಕಲಿತದ್ದು ಪಕ್ಕದಲ್ಲಿ ಬೇರೆ ಮೈನಾ ಇಲ್ಲದ್ದರಿಂದ.

ಕಡಲಂಚು:
ಇದಕ್ಕೆ ತಿರುಗುಮುರುಗಾದ ಸಂಗತಿಯೂ ಇದೆ. ಸಿಡ್ನಿಯ ಸುತ್ತಮುತ್ತ ಕಾಡಿನ ಕೊಕಟೂ ಗಿಳಿಗಳು ಮರದ ಮೇಲಿಂದ "ಹಲೋ ಕಾಕಿ" ಎನ್ನುವುದನ್ನು ಕೇಳಿದವರಿದ್ದಾರೆ. ಪಂಜರದಿಂದ ತಪ್ಪಿಸಿಕೊಂಡ ಸಾಕು ಹಕ್ಕಿಗಳು ಗುಂಪು ಸೇರಿ, ಅವುಗಳಿಂದ ಉಳಿದವು ಕಲಿತಿರಬೇಕೆಂದು ಅಲ್ಲಿನ ತಜ್ಞರು ಹೇಳುತ್ತಾರೆ. ಮನುಷ್ಯನ ಮಾತು ಹಕ್ಕಿಯಿಂದ ಹಕ್ಕಿಗೆ ದಾಟಿತು.

ಸಂಶಯಾತ್ಮ:
ಜರ್ಮನ್ ಅನ್ವೇಷಕ ಹುಂಬೋಲ್ಟ್ 1800ರ ಸುಮಾರಿಗೆ ದಕ್ಷಿಣ ಅಮೆರಿಕದ ಒರಿನೊಕೊ ನದಿಯ ದಡದಲ್ಲಿ ಕೇಳಿದ ಕಥೆ ನೆನಪಾಯಿತು. ಅಳಿದುಹೋದ ಅಟುರೆಸ್ ಜನರ ಭಾಷೆಯನ್ನಾಡುವ ಒಂದು ಮುದಿ ಗಿಳಿ ಉಳಿದಿದೆ, ಅದು ಏನೆನ್ನುತ್ತದೆ ಎಂಬುದು ಯಾರಿಗೂ ತಿಳಿಯುವುದಿಲ್ಲ ಎಂದು ಅಲ್ಲಿಯವರು ಅವರಿಗೆ ಹೇಳಿದ್ದರಂತೆ. ಕಥೆಯನ್ನು ನಾನು ನಂಬುವುದಿಲ್ಲ. ಆದರೆ ಮರೆಯಲೂ ಆಗಿಲ್ಲ.

ರೆಕ್ಕೆಪುಕ್ಕ:
ಸಂಶಯಾತ್ಮ ಅವರ ಗಂಟಲು ಕಟ್ಟಿದ್ದನ್ನು ಈ ಚರ್ಚೆಯ ದಾಖಲೆಯಲ್ಲಿ ಬರೆದಿಡಬೇಕು.

ಬಿಳಿಕೋಟು:
ಗೂಡಂಗಳ ಅವರೇ, ಒಂದು ಕಿವಿಮಾತು. ಆಫ್ರಿಕನ್ ಗ್ರೇ 40ರಿಂದ 60 ವರ್ಷ ಬದುಕುತ್ತದೆ, ನಿಮ್ಮದಕ್ಕೆ ಇನ್ನೂ ಹರೆಯ. ಮನೆ ಬದಲಾದಾಗ ಈ ಜಾತಿಯ ಹಕ್ಕಿಗಳು ಬೇಸರಕ್ಕೆ ತಮ್ಮ ಎದೆಯ ಗರಿಗಳನ್ನೇ ಕಿತ್ತುಕೊಳ್ಳುವುದುಂಟು, ಎದೆಯನ್ನು ಗಮನಿಸುತ್ತಿರಿ. ಈ ಚರ್ಚೆ ಓದಿ ಮಾತನಾಡುವ ಹಕ್ಕಿಯನ್ನು ಕೊಳ್ಳಲು ಹೊರಟವರಿಗೂ ಒಂದು ಮಾತು: ಹಿಡಿದು ಮಾರಿ ಮಾರಿ ಕಾಡಿನಲ್ಲಿ ಇವು ಎಷ್ಟು ಕಡಿಮೆಯಾದವೆಂದರೆ, 2016ರಲ್ಲಿ ಸೈಟ್ಸ್ ಎಂಬ ವನ್ಯಜೀವಿ ವ್ಯಾಪಾರ ನಿಯಂತ್ರಣ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿ, ಕಾಡಿನಿಂದ ಹಿಡಿದವುಗಳ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಬೇಕಾಯಿತು.

ಇನ್ನು ಆ ಫೋನ್ ಸಂಭಾಷಣೆಯನ್ನು ಅದು ಯಾವಾಗ ಆಡುತ್ತದೆ ಎಂದು ಬರೆದಿಡಿ. ನೀವು ಎದುರಿಗಿದ್ದಾಗಲೋ, ಇಲ್ಲದಿದ್ದಾಗಲೋ?

ಗೂಡಂಗಳ:
ಎಂಟು ದಿನ ಬರೆದಿಟ್ಟೆ. ಒಟ್ಟು ಇಪ್ಪತ್ಮೂರು ಸಲ "ಹಲೋ" ಬಂದಿದೆ, ಅದರಲ್ಲಿ ಇಪ್ಪತ್ತೊಂದು ಸಲ ನಾನು ಬೇರೆ ಕೋಣೆಯಲ್ಲಿದ್ದೆ. ನಾನು ಬಂದ ಕೂಡಲೇ ಹೆಚ್ಚಿನ ಸಲ "ಇಡ್ಲಾ?" ಎಂಬಲ್ಲಿಗೆ ಹಾರಿ ಮುಗಿಸಿಬಿಡುತ್ತದೆ. ಎದೆಯ ಗರಿಗಳು ಸರಿಯಾಗಿವೆ.

ಸಂಶಯಾತ್ಮ:
ನೀವು ಓಡಿ ಬರುವುದೇ ಅದಕ್ಕೆ ಸಿಗುವ ಬಹುಮಾನ. "ಹಲೋ" ಎಂದರೆ ಮನುಷ್ಯ ಬರುತ್ತಾನೆ ಎಂದು ಕಲಿತಿದೆ. ಅರ್ಥದ ಅಗತ್ಯವೇ ಇಲ್ಲ.

ಹಳೇ ಓದುಗ:
"ಹಲೋ" ಎಂಬ ಮಾತಿಗೆ ಅದಕ್ಕಿಂತ ಬೇರೆ ಅರ್ಥ ನಿಮ್ಮ ಮನೆಯಲ್ಲಿದೆಯೇ?

ಸಂಶಯಾತ್ಮ:
(ಇದಕ್ಕೆ ನಾಳೆ ಉತ್ತರಿಸುತ್ತೇನೆ.)

ಮೌನಿ:
ದೊಡ್ಡಮ್ಮನವರಿಗೇ ಫೋನ್ ಮಾಡಿ ಕೇಳಿಸಬಹುದಲ್ಲ?

ಗೂಡಂಗಳ:
ಮೌನಿ ಅವರ ಮಾತಿನಂತೆ ಮಾಡಿದೆ. ಮೊದಲು ಗಿಳಿಯ ಮಾತುಗಳನ್ನು ಮುದ್ರಿಸಿ ದೊಡ್ಡಮ್ಮನಿಗೆ ಕಳಿಸಿದೆ. ಅವರು ಕೇಳಿ, "ನಾನು ಅಷ್ಟೊಂದು ಹೂಂಗುಟ್ತೀನಾ?" ಎಂದು ಸ್ವಲ್ಪ ಬೇಸರಿಸಿಕೊಂಡರು. ಆಮೇಲೆ ಸ್ಪೀಕರ್ ಹಾಕಿ ಪಂಜರದ ಬಳಿ ಹಿಡಿದೆ. ಅವರು ಹತ್ತು ನಿಮಿಷ ಮಾತನಾಡಿದರು, ನಡುನಡುವೆ ನಾನೂ ಮಾತನಾಡಿದೆ. ಗಿಳಿ ಒಂದು ಸದ್ದೂ ಮಾಡಲಿಲ್ಲ. ಕಣ್ಣಿನ ಪಾಪೆ ಕಿರಿದಾಗುತ್ತ ಹಿರಿದಾಗುತ್ತ ಇತ್ತು, ಕತ್ತಿನ ಗರಿಗಳು ನಿಮಿರಿದ್ದವು. ದೊಡ್ಡಮ್ಮ "ಮರೆತುಬಿಟ್ಟಿದೆ ಬಿಡು" ಎಂದು ಫೋನ್ ಇಟ್ಟರು.

ಅದಾಗಿ ಆರು ದಿನವಾಯಿತು. ಇವತ್ತು ಮಧ್ಯಾಹ್ನ ಒಳಗಿನ ಕೋಣೆಯಲ್ಲಿದ್ದಾಗ ಮತ್ತೆ ಶುರುವಾಯಿತು. "ಹಲೋ" ದೊಡ್ಡಮ್ಮನ ಧ್ವನಿಯಲ್ಲಿತ್ತು. ಯಾವಾಗಲೂ ಖಾಲಿಯಿರುತ್ತಿದ್ದ ಆ ನಾಲ್ಕೈದು ಸೆಕೆಂಡುಗಳ ಜಾಗದಲ್ಲಿ ಒಂದು ಗಂಡಸಿನ ಧ್ವನಿ, "ಹೇಗಿದೀರಾ ದೊಡ್ಡಮ್ಮ, ಊಟ ಆಯ್ತಾ?" ಎಂದಿತು. ಅದು ನನ್ನ ಧ್ವನಿ ಎಂದು ನನಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ನಾನು ಅಷ್ಟು ಮೂಗಿನಲ್ಲಿ ಮಾತನಾಡುತ್ತೇನೆ ಎಂದು ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಸಂಶಯಾತ್ಮ:
ಇದನ್ನು ಮುದ್ರಿಸಿಕೊಂಡಿರಾ? ಮಾತುಗಳ ಸರದಿ ಪ್ರತಿ ಸಲವೂ ಹಾಗೆಯೇ ಬರುತ್ತದೆಯೇ, ಇಲ್ಲವೇ ಅದಲುಬದಲಾಗುತ್ತದೆಯೇ ಎಂದು ನೋಡಲೇಬೇಕು.

ಗೂಡಂಗಳ:
ಮೂರು ಗಂಟೆಯಿಂದ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಪಂಜರದ ಮುಂದಿಟ್ಟು ಕಾಯುತ್ತಿದ್ದೇನೆ. ಒಂದು ಕಾಲಿನಲ್ಲಿ ನಿಂತು ಫೋನನ್ನೇ ನೋಡುತ್ತಿದೆ. ಇಲ್ಲಿಯವರೆಗೆ ಒಂದು ಮಾತಿಲ್ಲ.